ಮನೆ ಒಡೆದದ್ದಕ್ಕೇ ಮಗ ಹಿಂದೆ ಬಿದ್ದನೇ?

ಪ್ರಶ್ನೆ: ನನಗೆ 36 ವರ್ಷ. ಹಾಸನದ ಹತ್ತಿರದ ಊರು. ಕಳೆದ ಬೇಸಿಗೆ ರಜೆಯಲ್ಲಿ ಮಗನನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ತವರಿಗೆ ಬಂದೆ. ಗಂಡನಿಗೆ ಕುಡಿತ. ದಿನಾ ಜಗಳ, ಕೆಲವು ಸಲ ಕೈ ಮಾಡಿದ್ದೂ ಇದೆ. ಕೋರ್ಟು ಕಚೇರಿ ಅಂತ ಇನ್ನೂ ಹೋಗಿಲ್ಲ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಇದ್ದಾರೆ. ನನ್ನ ಮಗನಿಗೆ 13 ತುಂಬಿದೆ. ಏಳನೇ ತರಗತಿವರೆಗೆ ಗಂಡನ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದ, ಯಾವಾಗಲೂ ಮೊದಲ ಮೂವರಲ್ಲಿ ಇರುತ್ತಿದ್ದ. ಇಲ್ಲಿ ಅಣ್ಣನೇ ಓಡಾಡಿ, ಫೀಸು ಕಟ್ಟಿ ಒಳ್ಳೆಯ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಸೇರಿಸಿದ. ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡೂ ಫೇಲು. ಹೊಟ್ಟೆನೋವು ಅಂತ ವಾರಕ್ಕೊಂದು ದಿನ ಶಾಲೆ ತಪ್ಪಿಸುತ್ತಾನೆ. ಪ್ರೋಗ್ರೆಸ್ ಕಾರ್ಡಿಗೆ ತಾತನ ಸಹಿಯನ್ನು ತಾನೇ ಹಾಕಿ ಸಿಕ್ಕಿಬಿದ್ದ. ಟೀಚರ್ ಕರೆಸಿ, 'ಅಪ್ಪ ಇಲ್ಲದ ಮನೆ ಮಕ್ಕಳು ಹೀಗೇ ಆಗೋದು, ಹದ್ದುಬಸ್ತಿಗೆ ಯಾರಾದ್ರೂ ಗಂಡಸು ಬೇಕು' ಅಂದರು. ಅಮ್ಮನೂ 'ಮಗನ ಮುಖ ನೋಡಿಯಾದರೂ ಹೊಂದಿಕೊಂಡು ಹೋಗು' ಅನ್ನುತ್ತಾಳೆ. ಗಂಡ ಫೋನ್ ಮಾಡಿ ಕರೆಯುತ್ತಿದ್ದಾರೆ. ನನ್ನ ನೆಮ್ಮದಿ ನೋಡಿಕೊಂಡು ಮಗನ ಬದುಕು ಹಾಳು ಮಾಡಿದೆನಾ? ವಾಪಸ್ ಹೋದರೆ ಅವನ ಓದು ಸರಿಹೋಗುತ್ತದಾ?

ಹೆಸರು ಬೇಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಮಗನ ಮಾರ್ಕ್ಸಿಗಾಗಿ ವಾಪಸ್ ಹೋಗಬೇಡಿ. ಹೋಗಬೇಕೋ ಬೇಡವೋ ಎಂಬುದು ನಿಮ್ಮ ಗಂಡ ಬದಲಾಗಿದ್ದಾರೆಯೇ, ಆ ಮನೆಯಲ್ಲಿ ನೀವೂ ಮಗನೂ ಹೆದರಿಕೆಯಿಲ್ಲದೆ ಇರಬಹುದೇ ಎಂಬುದರ ಮೇಲೆ ನಿಂತಿದೆ. ಗಣಿತದಲ್ಲಿ ಫೇಲಾದದ್ದಕ್ಕೂ ಅದಕ್ಕೂ ಗಂಟು ಹಾಕಬೇಡಿ. ಆ ಗಂಟು ಬಿದ್ದರೆ ನಾಳೆ ನಿಮ್ಮ ಮಗನೇ ಅದರ ಭಾರ ಹೊರಬೇಕಾಗುತ್ತದೆ. ಅದು ಹೇಗೆಂದು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಗಂಡನ ಬಗ್ಗೆ, ಟೀಚರ್ ಆಡಿದ ಮಾತಿನ ಬಗ್ಗೆ, ತಾಯಿಯ ಬಗ್ಗೆ ವಿವರವಾಗಿ ಬರೆದಿದ್ದೀರಿ. ಆದರೆ ನನ್ನ ಕಣ್ಣು ಹೋಗಿ ನಿಂತದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿಯ ಮೇಲೆ. ಏಳನೆಯವರೆಗೆ ಕನ್ನಡದಲ್ಲಿ ಕಲಿತ ಹುಡುಗ ಎಂಟನೆಯಲ್ಲಿ ಇಂಗ್ಲಿಷ್ ಮೀಡಿಯಂಗೆ ಬಂದಿದ್ದಾನೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ. ಯಾವ ತೊಂದರೆಯೂ ಇಲ್ಲದ ಮನೆಯ ಮಕ್ಕಳು ಕೂಡ ಆ ವರ್ಷ ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಹೊಸ ಶಾಲೆ, ವಿಷಯಕ್ಕೊಬ್ಬರು ಮೇಷ್ಟ್ರು, ದಪ್ಪ ಪುಸ್ತಕ, ಜೊತೆಗೆ ಬೆಳೆಯುವ ಮೈ. ನಿಮ್ಮ ಹುಡುಗನಿಗೆ ಅದೇ ಜೂನ್ ತಿಂಗಳಲ್ಲಿ ಊರು ಬದಲಾಯಿತು, ಮನೆ ಬದಲಾಯಿತು, ಗೆಳೆಯರು ತಪ್ಪಿದರು, ಪಾಠದ ಭಾಷೆಯೂ ಬದಲಾಯಿತು. ಇಷ್ಟರಲ್ಲಿ ಟೀಚರಿಗೆ ಕಂಡದ್ದು ಅಪ್ಪ ಇಲ್ಲ ಎಂಬುದೊಂದೇ. ಫೇಲಾಗಿರುವುದು ಯಾವುದರಲ್ಲಿ ನೋಡಿ: ಗಣಿತ, ವಿಜ್ಞಾನ. ಮೀಡಿಯಂ ಬದಲಿಸಿದ ಮಕ್ಕಳು ಮೊದಲು ಎಡವುವುದು ಅಲ್ಲೇ.

ಈ ಭಾನುವಾರ ಒಂದು ಕೆಲಸ ಮಾಡಿ. ಬೈಯದೆ, ಪರೀಕ್ಷೆಯ ಮಾತೆತ್ತದೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಲೆಕ್ಕ ಕೇಳಿ: 'ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಕೂಡಿಸಿದರೆ ಇಪ್ಪತ್ತಾರು ಬರುತ್ತೆ, ಆ ಸಂಖ್ಯೆ ಯಾವುದು?' ಸ್ವಲ್ಪ ಹೊತ್ತು ಕೊಡಿ. ಏಳು ಎಂದು ಹೇಳಿದರೆ, ಅದೇ ತರಹದ ಲೆಕ್ಕವನ್ನು ಅವನ ಪಠ್ಯಪುಸ್ತಕದಿಂದ ಇಂಗ್ಲಿಷಿನಲ್ಲಿ ಓದಿಸಿ. ಅಲ್ಲಿ ತಡವರಿಸಿದರೆ ಅವನಿಗೆ ಗಣಿತ ಬರುತ್ತದೆ, ಪ್ರಶ್ನೆಯ ಭಾಷೆ ಬರುತ್ತಿಲ್ಲ ಎಂದರ್ಥ. ಅಂಶ, ಛೇದ, ಲಸಾಅ ಎಂದು ಕಲಿತವನು ಈಗ ತರಗತಿಯಲ್ಲಿ ನ್ಯೂಮರೇಟರ್, ಡಿನಾಮಿನೇಟರ್, ಎಲ್‌ಸಿಎಂ ಎಂದು ಕೇಳಿಸಿಕೊಳ್ಳುತ್ತಾ, ಯಾವುದು ಯಾವುದೆಂದು ಹೊಂದಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಬೋರ್ಡು ಒರೆಸಿ ಮುಂದೆ ಹೋಗಿರುತ್ತಾರೆ. ಮೊದಲ ಮೂವರಲ್ಲಿ ಇದ್ದವನಿಗೆ ಕೈ ಎತ್ತಿ 'ಅರ್ಥ ಆಗಲಿಲ್ಲ' ಎನ್ನುವುದು ಎಲ್ಲರಿಗಿಂತ ಕಷ್ಟ.

ಕನ್ನಡದಲ್ಲಿ ಕೇಳಿದರೂ ಬರಲಿಲ್ಲ ಎಂದಾದರೆ ಏಳನೆಯ ಪಾಠಗಳೇ ಬಿಟ್ಟುಹೋಗಿವೆ. ಮನೆಯಲ್ಲಿ ದಿನಾ ಜಗಳ ನಡೆಯುತ್ತಿದ್ದ ಕಾಲವೂ ಅದೇ ಎಂಬುದನ್ನು ಮರೆಯಬೇಡಿ. ಎದುರಿಗೆ ಪುಸ್ತಕ ತೆರೆದಿದ್ದರೂ ಒಳಕೋಣೆಯಲ್ಲಿ ದನಿ ಏರುತ್ತಿದೆಯೇ ಎಂದು ಕಿವಿ ಅಲ್ಲೇ ಇಟ್ಟು ಕೂತ ಮಗುವಿನ ತಲೆಗೆ ಭಿನ್ನರಾಶಿ ಹತ್ತುವುದಿಲ್ಲ. ಇಷ್ಟು ವರ್ಷ ಚೆನ್ನಾಗಿ ಓದಿದವನಾದ್ದರಿಂದ ಕಲಿಕಾ ನ್ಯೂನತೆ ಇರಲಾರದು ಅನ್ನಿಸುತ್ತದೆ. ಆದರೆ ಕನ್ನಡ ಓದುವಾಗಲೂ ಅಕ್ಷರ ಬಿಡುವುದು, ತಿರುವುಮುರುವು ಮಾಡುವುದು ಕಂಡರೆ ನನಗೆ ಮತ್ತೆ ಬರೆಯಿರಿ.

ಭಾಷೆಯ ತೊಡಕಿಗೆ ಖರ್ಚಿಲ್ಲದ ದಾರಿಯೊಂದಿದೆ. ಶಾಲೆ ರಾಜ್ಯ ಪಠ್ಯಕ್ರಮದ್ದಾದರೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಮಾಧ್ಯಮದ ಎಂಟನೇ ತರಗತಿ ಗಣಿತ, ವಿಜ್ಞಾನ ಪುಸ್ತಕಗಳಲ್ಲಿ ಅವೇ ಪಾಠಗಳಿವೆ. ಸಂಘದ ಜಾಲತಾಣದಿಂದ ಮೊಬೈಲಿಗೆ ಉಚಿತವಾಗಿ ಇಳಿಸಿಕೊಳ್ಳಬಹುದು. ಹಳೆಯ ಪುಸ್ತಕಕ್ಕೆ ಊರಿನ ಸರ್ಕಾರಿ ಹೈಸ್ಕೂಲಿನ ಮಕ್ಕಳನ್ನು ಕೇಳಿ. ಮೊದಲು ಪಾಠವನ್ನು ಕನ್ನಡದಲ್ಲಿ ಓದಿ, ಆಮೇಲೆ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಓದಲಿ. ಹೊಸ ಪದಗಳನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಳ್ಳಲಿ. ವರ್ಷದ ಕೊನೆಗೂ ಒದ್ದಾಡುತ್ತಿದ್ದರೆ ಒಂಬತ್ತಕ್ಕೆ ಕನ್ನಡ ಮಾಧ್ಯಮಕ್ಕೇ ಹೋಗಲಿ. ಎಸ್‌ಎಸ್‌ಎಲ್‌ಸಿ ಕನ್ನಡದಲ್ಲೇ ಬರೆದು ಮುಂದೆ ಎಂಜಿನಿಯರ್, ಡಾಕ್ಟರ್ ಆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಣ್ಣ ಕಷ್ಟಪಟ್ಟು ಸೀಟು ಕೊಡಿಸಿದ್ದಾನೆ ಎಂಬ ಮುಲಾಜಿಗೆ ಹುಡುಗನ ಕಲಿಕೆಯನ್ನು ಬಲಿ ಕೊಡಬಾರದು.

ಇನ್ನು ಟೀಚರ್ ಹೇಳಿದ ಮಾತು. ಅದು ಪೂರಾ ಸುಳ್ಳೆಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಒಬ್ಬರೇ ಸಾಕುವ ಮನೆಯ ಮಕ್ಕಳಲ್ಲಿ ಓದಿನ ತೊಂದರೆ ಸರಾಸರಿಯಲ್ಲಿ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸಾರಾ ಮೆಕ್‌ಲಾನಹನ್ ಮತ್ತು ಗ್ಯಾರಿ ಸ್ಯಾಂಡಫರ್ 1994ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅಂಥ ಮನೆಯ ಮಕ್ಕಳು ಹೈಸ್ಕೂಲನ್ನು ಅರ್ಧಕ್ಕೆ ಬಿಡುವ ಸಾಧ್ಯತೆ ಸುಮಾರು ಎರಡರಷ್ಟು ಎಂದು ತೋರಿಸಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ, ಕಾರಣ ಹುಡುಕಿದರು. ಈ ವ್ಯತ್ಯಾಸದ ಸುಮಾರು ಅರ್ಧಕ್ಕೆ ಕಾರಣ ಆದಾಯ ಕುಸಿದದ್ದು. ಉಳಿದದ್ದರಲ್ಲಿ ದೊಡ್ಡ ಪಾಲು ಮನೆ, ಊರು ಬದಲಾದದ್ದು ಮತ್ತು ಮಗುವಿನ ಓದು, ಓಡಾಟದ ಮೇಲೆ ನಿಗಾ ಇಡಲು ದೊಡ್ಡವರಿಗೆ ಹೊತ್ತಿಲ್ಲದೆ ಹೋದದ್ದು. ಇವೆಲ್ಲ ಒಂದಷ್ಟಾದರೂ ನಮ್ಮ ಕೈಲಿರುವ ಸಂಗತಿಗಳು.

ಪಾಲ್ ಅಮಾಟೊ ಮತ್ತು ಬ್ರೂಸ್ ಕೀತ್ 1991ರಲ್ಲಿ ಅದುವರೆಗಿನ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಂದೆ ಅಥವಾ ತಾಯಿಯನ್ನು ಸಾವಿನಲ್ಲಿ ಕಳೆದುಕೊಂಡ ಮಕ್ಕಳು ವಿಚ್ಛೇದನ ಆದವರ ಮಕ್ಕಳಿಗಿಂತ ಉತ್ತಮವಾಗಿದ್ದರು. ಬರೀ 'ಅಪ್ಪ ಇಲ್ಲ' ಎಂಬುದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ನಿಮಗೆ ಇನ್ನೂ ಮುಖ್ಯವಾದದ್ದು ಇದು: ಅಪ್ಪ ಅಮ್ಮ ಒಟ್ಟಿಗಿದ್ದೂ ಸದಾ ತೀವ್ರ ಜಗಳ ನಡೆಯುವ ಮನೆಯ ಮಕ್ಕಳ ಸ್ಥಿತಿ, ಬೇರೆಯಾದವರ ಮಕ್ಕಳಿಗಿಂತಲೂ ಕೆಟ್ಟದಾಗಿತ್ತು. ವಿಚ್ಛೇದನ ಕಂಡ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ ಮೇವಿಸ್ ಹೆದರಿಂಗ್ಟನ್ 2002ರಲ್ಲಿ ಬರೆದ ಪ್ರಕಾರ, ಅಂಥ ಮಕ್ಕಳಲ್ಲಿ ಗಂಭೀರ ತೊಂದರೆ ಉಳಿದದ್ದು ನಾಲ್ವರಲ್ಲಿ ಒಬ್ಬರಿಗೆ. ಮಿಕ್ಕ ಮೂವರು ಚೇತರಿಸಿಕೊಂಡರು. ಒಟ್ಟಿಗಿದ್ದವರ ಮಕ್ಕಳಲ್ಲೂ ಹತ್ತರಲ್ಲಿ ಒಬ್ಬರಿಗೆ ಆ ತೊಂದರೆ ಇತ್ತು. ಇವೆಲ್ಲ ಹೆಚ್ಚಾಗಿ ಅಮೆರಿಕದ ಲೆಕ್ಕಗಳು. ತಾತ, ಅಜ್ಜಿ, ಮಾವ, ಅತ್ತೆ ಇರುವ ನಿಮ್ಮ ಮನೆಗೆ ಅವು ಹಾಗೇ ಹೊಂದುವುದಿಲ್ಲ. ಆದರೂ ಟೀಚರ್ ಹೇಳಿದ 'ಗಂಡಸು ಬೇಕು' ಎಂಬ ಮಾತು ನಿಮ್ಮ ಮನೆಯಲ್ಲೇ ಸುಳ್ಳಾಗಿದೆಯಲ್ಲ? ತಾತ, ಮಾವ ಇಬ್ಬರೂ ಅಲ್ಲೇ ಇದ್ದಾರೆ.

ಹಾಗಾದರೆ ಆ ತುಂಬಿದ ಮನೆಯಲ್ಲಿ ಹುಡುಗ ಯಾಕೆ ಒಂಟಿಯಾದ? ಇಲ್ಲಿ ನಿಮಗೆ ಸ್ವಲ್ಪ ನೋವಾಗುವ ಮಾತೊಂದನ್ನು ಹೇಳಬೇಕು. ತವರಿಗೆ ಬಂದ ಹೆಣ್ಣುಮಗಳಿಗೆ ಹಂಗಿನ ಭಾರ ಎಂಥದ್ದೆಂದು ನಿಮಗೆ ಗೊತ್ತು. ಹದಿಮೂರರ ಹುಡುಗನಿಗೂ ಅದು ಗೊತ್ತಾಗುತ್ತದೆ. ಯಾರೂ ಒಂದು ಮಾತು ಆಡದಿದ್ದರೂ ಗೊತ್ತಾಗುತ್ತದೆ. ಮಾವ ಫೀಸು ಕಟ್ಟಿದ್ದಾರೆ, ಆದ್ದರಿಂದ ಫೇಲಾಗುವಂತಿಲ್ಲ. ಹಾಲ್‌ನಲ್ಲಿ ಧಾರಾವಾಹಿ ಓಡುತ್ತಿರುವಾಗ ದನಿ ಕಡಿಮೆ ಮಾಡಿ ಅನ್ನುವಂತಿಲ್ಲ. ಜಾಮಿಟ್ರಿ ಬಾಕ್ಸ್ ಕಳೆದುಹೋದರೆ ಇನ್ನೊಂದು ಕೇಳುವಂತಿಲ್ಲ. ಮಾವನ ಮಕ್ಕಳ ಜೊತೆ ಜಗಳವಾದರೆ ತಾನೇ ಸೋಲಬೇಕು. ನನ್ನ ಬಳಿ ಬರುವ ಎಷ್ಟೋ ಮಕ್ಕಳು ಅಪ್ಪನ ಬಗ್ಗೆ ಕೇಳಿದರೆ ಸುಮ್ಮನೆ ಹೆಗಲು ಕುಣಿಸಿ, 'ಮಾವನ ಮನೇಲಿ ಫ್ರಿಜ್ ತೆಗೆಯೋಕೆ ಒಂಥರಾ ಆಗುತ್ತೆ' ಅಂದಾಗ ಕಣ್ಣು ತುಂಬಿಕೊಳ್ಳುತ್ತಾರೆ.

ಸಹಿಯ ವಿಷಯವನ್ನೂ ಹೀಗೇ ನೋಡಿ. ಮೋಸ ಮಾಡಿದ ಎಂದು ಎಲ್ಲರೂ ಬೈದಿರುತ್ತಾರೆ. ಅವನು ಕಾರ್ಡನ್ನು ನಿಮಗೆ ಯಾಕೆ ತೋರಿಸಲಿಲ್ಲ ಎಂದು ಯೋಚಿಸಿ. ಏಳಕ್ಕೆ ಸುಸ್ತಾಗಿ ಬರುವ ಅಮ್ಮನಿಗೆ ಇದೊಂದು ನೋವು ಬೇರೆ ಯಾಕೆ ಎಂದುಕೊಂಡಿರಬಹುದು. ಮಾವನ ಮುಂದೆ ಅಮ್ಮ ತಲೆ ತಗ್ಗಿಸಬೇಕಾಗುತ್ತದೆ ಎಂದು ಹೆದರಿರಬಹುದು. ಸಹಿ ಹಾಕಿದ್ದು ತಪ್ಪೇ, ಅದನ್ನು ಹೇಳಿ. ಆದರೆ ಅದಕ್ಕೆ ಮುಂಚೆ 'ಎಷ್ಟೇ ಮಾರ್ಕ್ಸ್ ಬರಲಿ, ಕಾರ್ಡನ್ನು ಮೊದಲು ನನಗೆ ತೋರಿಸು, ನಾನು ಕೂಗಾಡಲ್ಲ' ಎಂದು ಮಾತು ಕೊಡಿ. ಕೊಟ್ಟ ಮೇಲೆ ನಿಜಕ್ಕೂ ಕೂಗಾಡಬೇಡಿ.

ಅಣ್ಣ ಅತ್ತಿಗೆಯ ಜೊತೆ ಒಂದು ದಿನ ಹುಡುಗನಿಲ್ಲದಾಗ ಕೂತು ಮಾತಾಡಿ. ಅವರು ಒಳ್ಳೆಯವರೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅವರಿಗೂ ಈ ಏರ್ಪಾಡು ಹೊಸದು. ಓದಲು ಒಂದು ಮೂಲೆ, ರಾತ್ರಿ ಎಂಟರಿಂದ ಒಂಬತ್ತರವರೆಗೆ ಟಿವಿ ಇಲ್ಲದ ಒಂದು ಗಂಟೆ, ಮನೆಯ ಮೂರೂ ಮಕ್ಕಳಿಗೆ ಒಂದೇ ನಿಯಮ. ಇಷ್ಟು ಕೇಳಿ. ಆ ಗಂಟೆ ನೀವು ಅಡುಗೆಮನೆ ಬಿಟ್ಟು ಅವನ ಹತ್ತಿರ ಕೂರಬೇಕು. ಪಾಠ ಹೇಳಿಕೊಡಲು ಬರುವುದಿಲ್ಲ ಎಂಬ ಸಂಕೋಚ ಬೇಡ, ಅವನು ಓದಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ನಿಮ್ಮ ಸಂಬಳದಲ್ಲಿ ತಿಂಗಳಿಗೆ ಸ್ವಲ್ಪ ಹಣವನ್ನು ಅವನ ಪುಸ್ತಕ, ಪೆನ್ನಿಗೆಂದು ತೆಗೆದಿಟ್ಟು ಅವನ ಕೈಗೇ ಕೊಡಿ. ಮೊತ್ತ ಚಿಕ್ಕದಿರಲಿ. ಯಾರನ್ನೂ ಕೇಳದೆ ಅಂಗಡಿಗೆ ಹೋಗಿ ಒಂದು ಕಂಪಾಸ್ ತರುವುದು ಆ ವಯಸ್ಸಿನ ಹುಡುಗನಿಗೆ ದೊಡ್ಡದು.

ಹೊಟ್ಟೆನೋವು ನಾಟಕವಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿ, ದೇಹದಲ್ಲಿ ಏನೂ ಇಲ್ಲ ಎಂದಾದರೂ ನೋವು ನಿಜವೇ. ಹೆದರಿದ ಮಕ್ಕಳಿಗೆ ಮೊದಲು ಕೆಡುವುದು ಹೊಟ್ಟೆ. ಯಾವ ದಿನ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗಣಿತದ ಟೆಸ್ಟ್ ಇರುವ ದಿನವೇ? ಅಥವಾ ಅಪ್ಪನ ಫೋನ್ ಬಂದ ಮಾರನೆಯ ದಿನವೇ? ಒಂದು ತಿಂಗಳು ನೋಡಿದರೆ ನಿಮಗೇ ತಿಳಿಯುತ್ತದೆ. ಜ್ವರ, ವಾಂತಿ ಇಲ್ಲದಿದ್ದರೆ ಶಾಲೆಗೆ ಕಳಿಸಿ, ತಡವಾಗಿಯಾದರೂ ಹೋಗಲಿ. ಮನೆಯಲ್ಲಿ ಉಳಿದಷ್ಟೂ ಮಾರನೆಯ ದಿನ ಹೋಗುವುದು ಕಷ್ಟವಾಗುತ್ತದೆ.

ಈಗ ಮೊದಲು ಹೇಳಿದ ಗಂಟಿನ ವಿಷಯ. ನೀವು ಮನೆ ಬಿಟ್ಟದ್ದು ಯಾಕೆಂದು ಮಗನಿಗೆ ಏನು ಹೇಳಿದ್ದೀರಿ? ಪತ್ರದಲ್ಲಿ ಅದಿಲ್ಲ. ಏನೂ ಹೇಳಿಲ್ಲದಿರಬಹುದು. ನಮ್ಮ ಮನೆಗಳಲ್ಲಿ ಇದನ್ನು ಮಕ್ಕಳಿಗೆ ಹೇಳುವ ರೂಢಿಯೇ ಇಲ್ಲ. ಹೇಳದಿದ್ದರೆ ಮಕ್ಕಳು ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಆ ಕಾರಣದಲ್ಲಿ ಹೆಚ್ಚಾಗಿ ತಪ್ಪು ತಮ್ಮದೇ ಆಗಿರುತ್ತದೆ. ಅದರ ಮೇಲೆ ಈಗ ಮನೆಯಲ್ಲಿ 'ಮಗನ ಓದು ಕೆಟ್ಟಿತು, ಅವನಿಗೋಸ್ಕರ ವಾಪಸ್ ಹೋಗು' ಎಂಬ ಮಾತು ನಡೆಯುತ್ತಿದೆ. ಅದು ಅವನ ಕಿವಿಗೆ ಬಿದ್ದಿದ್ದರೆ ಅವನಿಗೆ ಅರ್ಥವಾಗುವುದೇನು? ತಾನು ಫೇಲಾದರೆ ಅಪ್ಪ ಅಮ್ಮ ಒಂದಾಗುತ್ತಾರೆ ಎಂದು. ಅಪ್ಪನನ್ನು ಬಯಸುವ ಹುಡುಗನಾದರೆ ಪಾಸಾಗಲು ಅವನಿಗೆ ಮನಸ್ಸೇ ಬಾರದು. ಅಪ್ಪನಿಗೆ ಹೆದರುವ ಹುಡುಗನಾದರೆ, ತನ್ನಿಂದಾಗಿ ಅಮ್ಮ ಮತ್ತೆ ಏಟು ತಿನ್ನಬೇಕಾಗುತ್ತದೆ ಎಂಬ ದಿಗಿಲು. ಎರಡೂ ಹದಿಮೂರರ ವಯಸ್ಸಿಗೆ ಹೊರಲಾಗದ ಭಾರ.

ಆದ್ದರಿಂದ ತಾಯಿಯವರಿಗೆ ಹೇಳಿ, ಈ ಮಾತು ಮಗನ ಎದುರು ಇನ್ನು ಬೇಡ. ನೀವು ಅವನಿಗೆ ನೇರವಾಗಿ ಹೇಳಿ: 'ನಾನು ಅಪ್ಪ ಬೇರೆ ಇರೋದು ದೊಡ್ಡವರ ಕಾರಣಕ್ಕೆ. ನಿನ್ನಿಂದ ಆಗಿದ್ದಲ್ಲ. ನಿನ್ನ ಮಾರ್ಕ್ಸಿಂದ ಅದು ಬದಲಾಗೋದೂ ಇಲ್ಲ. ಅಪ್ಪನ್ನ ಕಂಡರೆ ನಿನಗೆ ಇಷ್ಟ ಇದ್ದರೆ ಇರಲಿ, ನನಗೆ ಬೇಜಾರಿಲ್ಲ.' ಅಪ್ಪ ಕುಡಿಯದೆ ಬರುವುದಾದರೆ, ಹಗಲು ಹೊತ್ತು ತಾತನ ಮನೆಯಲ್ಲೇ ಭೇಟಿಯಾಗಲಿ. ಹುಡುಗ ಬೇಡವೆಂದರೆ ಒತ್ತಾಯ ಬೇಡ. 'ನಿಮ್ಮಪ್ಪನಿಗೆ ಹೋಗಿ ಹೇಳು', 'ನಿಮ್ಮಮ್ಮನ್ನ ಒಪ್ಪಿಸು' ಎಂದು ಇಬ್ಬರಲ್ಲಿ ಯಾರೂ ಅವನ ಕೈಲಿ ಸುದ್ದಿ ಕಳಿಸಬಾರದು.

ಗಂಡನ ಕರೆಯ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಫೋನಿನಲ್ಲಿ 'ಬಿಟ್ಟಿದ್ದೀನಿ' ಅಂದರೆ ಸಾಲದು. ಕುಡಿತಕ್ಕೆ ಚಿಕಿತ್ಸೆ ಇದೆ, ಜಿಲ್ಲಾ ಮಟ್ಟದ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಸಿಗುತ್ತದೆ. ಚಿಕಿತ್ಸೆಗೆ ಹೋಗಿ, ತಿಂಗಳುಗಟ್ಟಲೆ ನಿಭಾಯಿಸಿ ತೋರಿಸಲಿ, ಆಮೇಲೆ ಯೋಚಿಸಿ. ಮತ್ತೆ ಕೈ ಮಾಡುವ, ಬೆದರಿಸುವ ಪ್ರಸಂಗ ಬಂದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಬೇರೆ ಇದ್ದರೂ ಮಗನ ಖರ್ಚು ಅವರ ಹೊಣೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಪ್ರಕಾರ ನೀವೂ ಮಗನೂ ಜೀವನಾಂಶ ಕೇಳಬಹುದು. ವಿಚ್ಛೇದನ ಆಗಿರಬೇಕೆಂದೇನೂ ಇಲ್ಲ. ವಕೀಲರ ಫೀಸಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಫೀಸಿನ ಒಂದು ಪಾಲು ಅಪ್ಪನಿಂದ ಬಂದರೆ ಮಾವನ ಮನೆಯಲ್ಲಿ ಹುಡುಗನ ಹಂಗೂ ಅಷ್ಟು ಇಳಿಯುತ್ತದೆ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ಊಟ, ನಿದ್ದೆ ಕೆಟ್ಟರೆ, ಆಟ, ಗೆಳೆಯರು ಎಲ್ಲದರಿಂದ ದೂರವಾದರೆ, ಸಾಯುವ ಮಾತಾಡಿದರೆ ಅಥವಾ ಮೈಗೆ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಿಗೆ 1098 ಇದೆ. ಆ ನಂಬರ್ ಅವನಿಗೂ ಗೊತ್ತಿರಲಿ.

ಉಳಿದದ್ದು ಶಾಲೆ. ಅರ್ಧ ದಿನ ರಜೆ ಹಾಕಿ ನೀವೇ ಹೋಗಿ, ಅಣ್ಣನನ್ನು ಕಳಿಸಬೇಡಿ. ಕಾರ್ಡಿನಲ್ಲಿ ತಂದೆಯ ಸಹಿಯೇ ಬೇಕು ಎಂದರೆ ಹಿಂಜರಿಯಬೇಡಿ. ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ, ತಂದೆ ಮಗುವಿನ ಹೊಣೆ ಹೊತ್ತಿಲ್ಲದಿದ್ದರೆ ತಾಯಿಯೇ ಸಹಜ ಪಾಲಕಿ ಎಂದು ಹೇಳಿದೆ. ಟೀಚರ್ ಜೊತೆ ವಾದಕ್ಕಿಳಿಯಬೇಡಿ. ಅವರ ಮಾತು ತಪ್ಪಿದ್ದರೂ ಅವರು ಬೆಳಿಗ್ಗೆಯಿಂದ ಸಂಜೆವರೆಗೆ ನಿಮ್ಮ ಮಗನನ್ನು ನೋಡುವವರು, ಅವರ ಸಹಾಯ ಬೇಕು. 'ಮೇಡಂ, ಇವನು ಕನ್ನಡ ಮೀಡಿಯಂನಿಂದ ಬಂದವನು, ಲೆಕ್ಕ ಬರುತ್ತೆ, ಇಂಗ್ಲಿಷ್ ಪದಗಳಲ್ಲಿ ಸಿಕ್ಕಿಕೊಳ್ತಾನೆ. ಮುಂದಿನ ಬೆಂಚಿನಲ್ಲಿ ಕೂರಿಸಿ, ಕನ್ನಡದಲ್ಲಿ ಪ್ರಶ್ನೆ ಕೇಳಿದರೂ ಪರವಾಗಿಲ್ಲ ಅಂತ ಅವನಿಗೆ ಹೇಳಿ. ಅಪ್ಪನ ವಿಷಯ ಮಾತ್ರ ತರಗತಿಯಲ್ಲಿ ಎತ್ತಬೇಡಿ' ಎಂದು ಹೇಳಿ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತೇನೆಂದು ಹೇಳಿ, ಮಾಡಿ. ಗಣಿತದ ಮೇಷ್ಟ್ರನ್ನೂ ಅದೇ ದಿನ ಕಂಡು, ಏಳನೆಯ ಯಾವ ಪಾಠಗಳನ್ನು ಮೊದಲು ಗಟ್ಟಿ ಮಾಡಿಸಬೇಕು ಎಂದು ಬರೆಸಿಕೊಂಡು ಬನ್ನಿ. ಮುಂದಿನ ಪರೀಕ್ಷೆಗೆ ಗಣಿತದಲ್ಲಿ ಪಾಸಾಗುವಷ್ಟು ಬಂದರೆ ಸಾಕು, ಮೊದಲ ಮೂವರ ಮಾತು ಈ ವರ್ಷ ಯಾರೂ ಎತ್ತುವುದು ಬೇಡ ಎಂದು ಅಣ್ಣನಿಗೂ ಅಮ್ಮನಿಗೂ ಈಗಲೇ ಹೇಳಿಡಿ.